ನಡುಕ

ಲಷ್ಕರ್ ಮೊಹಲ್ಲಾದ ಬೇಕರಿಯಲ್ಲಿ ಮೊದಲ ವಾರ
ನಾನು ಕೆಡಿಸಿದ್ದು ಇಪ್ಪತ್ತೆರಡು ಬಟ್ಟಲು.
ಬೆಳಗ್ಗೆ ಫ್ರಿಜ್ಜು ತೆಗೆದರೆ ಜೆಲ್ಲಿ ಇಲ್ಲ,
ಹಳದಿ ನೀರು.
ಬೆರಳದ್ದಿ ನೆಕ್ಕಿ ಲೂರ್ದಮ್ಮ ಅಂದರು:
ಹಸಿ ಅನಾನಸು ಹಾಕಿದೆಯಲ್ಲೋ ಪುಣ್ಯಾತ್ಮ,
ತಿನ್ನೋರ ನಾಲಗೆಯನ್ನೇ ತಿನ್ನೋ ಹಣ್ಣು ಅದು.
ಮೊದಲು ಕುದಿಸಿ ಅದರ ಹಲ್ಲು ಕೀಳು,
ಆಮೇಲೆ ಸೇರಿಸು.

ಡಬ್ಬದಲ್ಲಿ ಹಾಳೆಗಳು. ಬೆಳಕಿಗೆ ಹಿಡಿದರೆ
ಆಚೆ ಬೀದಿ ಕಾಣುತ್ತೆ, ಚೌಕಳಿ ಚೌಕಳಿಯಾಗಿ:
ಟಾಂಗಾದ ಒಂದು ಗಾಲಿ,
ಪಂಕ್ಚರ್ ಅಂಗಡಿಯ ಹುಡುಗನ ಅರ್ಧ ಮುಖ.
ತಣ್ಣೀರಲ್ಲಿ ಐದು ನಿಮಿಷ,
ಹಿಂಡಿ ಬಿಸಿ ಹಾಲಿಗೆ.
ಕುದಿಸಬಾರದು. ಕುದಿಸಿದರೆ ಹಟ ಮರೆಯುತ್ತೆ.

ಏನಿದು ಅಂತ ನಾನು ಕೇಳಲಿಲ್ಲ.
ನೆನೆದ ಹಾಳೆ ಬಿಸಿಗೆ ಬಿದ್ದೊಡನೆ
ಮೂಗಿಗೇ ಗೊತ್ತಾಯಿತು:
ಗುತ್ತಲಿನ ನಮ್ಮ ಒಲೆ,
ನನ್ನ ಮೊಣಕೈ ಮುರಿದ ವರ್ಷ,
ರಾತ್ರಿಯೆಲ್ಲ ಕಾದ ಕಾಲು ಸೂಪು.
ಮೂಳೆಗೆ ಮೂಳೇನೇ ಮದ್ದು, ಕುಡಿ ಮಗಾ,
ಅವ್ವ ಮೆಣಸು ಜಜ್ಜಿ ಹಾಕುತ್ತಿದ್ದಳು.
ಉಳಿದದ್ದು ಬೆಳಗಿನ ಚಳಿಗೆ ಗಟ್ಟಿಯಾಗಿ
ಮಡಕೆ ತಟ್ಟಿದರೆ ನಡುಗೋದು.
ಅದಕ್ಕೆ ನಾವು ಹೆಸರಿಟ್ಟಿರಲಿಲ್ಲ.
ಇಲ್ಲಿ ಗುಲಾಬಿ ಬಣ್ಣ, ಬಟ್ಟಲಿಗೆ ನಲವತ್ತು ರೂಪಾಯಿ,
ಮೇಲೊಂದು ಚೆರ್ರಿ.

ಕುಸುಮಾವತಿ ಅಮ್ಮ ಬಂದದ್ದು ಮೊಮ್ಮಗಳ ಹುಟ್ಟುಹಬ್ಬಕ್ಕೆ.
ಸೂರ್ಯ ಮುಳುಗೋ ಮೊದಲು ಊಟ ಮುಗಿಸುವ ಮನೆಯವರು,
ಗೆಡ್ಡೆ ಗೆಣಸೂ ಮುಟ್ಟೋಲ್ಲ.
ಮೊಟ್ಟೆ ಇಲ್ಲ ತಾನೆ? ಅಂದರು.
ಇಲ್ಲಮ್ಮ, ಅಂದೆ. ಸುಳ್ಳಲ್ಲ.
ಹನ್ನೆರಡು ಬಟ್ಟಲು ಕಟ್ಟಿಕೊಟ್ಟೆ, ದುಡ್ಡು ಎಣಿಸಿಕೊಂಡೆ.
ಆಟೋ ಸ್ಟಾರ್ಟ್ ಆಯಿತು.
ಕಾಲು ತಾನೇ ಓಡಿತು.
ಅಮ್ಮಾ, ಅದರಲ್ಲಿ ಮೂಳೆ ಇದೆ.

ಅವರು ಡಬ್ಬದೊಳಗೆ ನೋಡಿದರು.
ಎಂಜಿನ್ನಿನ ಅದುರಿಗೆ
ಹನ್ನೆರಡೂ ನಡುಗುತ್ತಿದ್ದವು.
ಎಲ್ಲಪ್ಪ? ಕಾಣೋದೇ ಇಲ್ಲವಲ್ಲ,
ಅಂದು, ಡಬ್ಬ ನನ್ನ ಕೈಗಿಟ್ಟು,
ಸ್ವಲ್ಪ ಹೊತ್ತು ನನ್ನನ್ನೇ ನೋಡಿ,
ಇಷ್ಟು ದಿನ ಎಷ್ಟು ತಿಂದೆನೋ, ಅಂದರು. ನನಗಲ್ಲ.

ಲೂರ್ದಮ್ಮ ಬೈಯಲಿಲ್ಲ. ಸಂಬಳವನ್ನೂ ಹಿಡಿಯಲಿಲ್ಲ.
ದೇವರಾಜ ಮಾರ್ಕೆಟ್ಟಿಗೆ ಓಡಿಸಿದರು, ಚೈನಾ ಗ್ರಾಸ್ ತಾ ಅಂತ.
ಒಣ ಶಾವಿಗೆಯಂಥ ಕಡಲ ಪಾಚಿ,
ಎಷ್ಟು ಕುದಿಸಿದರೂ ಬೇಸರಿಸದು,
ಫ್ರಿಜ್ಜಿಲ್ಲದೆಯೂ ಗಟ್ಟಿಯಾದೀತು.
ಚಮಚಕ್ಕೆ ಮುರಿಯುತ್ತೆ, ನಾಲಗೆ ಮೇಲೆ ಕರಗದು.

ಹಿಂದಿನ ಮೆಟ್ಟಿಲ ಮೇಲೆ ಕೂತು
ಹಿಂತಿರುಗಿದ ಹನ್ನೆರಡರಲ್ಲಿ ಮೂರು ತಿಂದೆ.
ಬಾಯ ಬಿಸಿಗೇ ಕರಗಿತು,
ಅಗಿಯಲು ಏನೂ ಇರಲಿಲ್ಲ.

ಭಾನುವಾರ ಬಟ್ಟಲು ವಾಪಸು ತಂದ ಕುಸುಮಾವತಿ ಅಮ್ಮ
ನಗುತ್ತ ಹೇಳಿದರು:
ಮಗು ಚಮಚದಲ್ಲಿ ತಟ್ಟಿ ತಟ್ಟಿ ಕೇಳಿತಂತೆ,
ಯಾಕಜ್ಜಿ, ಇದಕ್ಕೆ ಚಳಿಯೇ ಆಗಲ್ವಾ?