ಷರಾ

ಹಾಲಿನ ಪುಡಿ ನಲವತ್ತು ಚೀಲ, ಬಂದದ್ದು ಮಂಗಳವಾರ.
ಲಿಮಾದಿಂದ ಲಾರಿ ಏರುವ ತಿರುವಿನಲ್ಲಿ ಎರಡು ಒಡೆದು
ದಾರಿಯುದ್ದ ಬಿಳಿಗೆರೆ ಬಿತ್ತಂತೆ, ನಾಯಿಗಳು ನೆಕ್ಕಿದವಂತೆ.
ಉಳಿದದ್ದು ಮೂವತ್ತೆಂಟು.
ಬರೆದೆ.

ಸಂತ ರೋಕನ ಇಗರ್ಜಿಯ ಬೆನ್ನಿಗಿರುವ ಉಗ್ರಾಣದಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೆಲಸ ಇದು:
ಬಂದದ್ದು, ಹೋದದ್ದು, ಯಾರಿಗೆ, ಎಷ್ಟು,
ಸಹಿ ಅಥವಾ ಹೆಬ್ಬೆಟ್ಟು.
ಕೊನೆಯ ಕಾಲಂ ಷರಾ. ಎರಡು ಬೆರಳಗಲ.
ಅಲ್ಲಿ ಬರೆಯುವುದು: 'ಚೀಲ ಒದ್ದೆ', 'ತಾಯಿಯ ಬದಲು ಅಜ್ಜಿ'.

ತೆಯೋಫಿಲಾ ವಮಾನಿ ಚೀಲ ಹೊರುವ ಮುಂಚೆ ಕೇಳಿದಳು:
'ಇದನ್ನು ಯಾವ ನೀರಿಗೆ ಕಲಸಲಿ?'
ಹಾಲು ಸೀಸವನ್ನು ತುಸು ತಡೆಯುತ್ತದೆ ಎಂದಿದ್ದರು ಡಾಕ್ಟರಮ್ಮ.
ತೆಗೆಯುವುದಿಲ್ಲ, ತಡೆಯುತ್ತದೆ.
ನೀರಿನ ಮಾತು ಅವರ ಕಾಗದದಲ್ಲಿರಲಿಲ್ಲ.
ನಲ್ಲಿ ತಿರುಗಿಸಿದರೆ ಬೆಳಿಗ್ಗೆ ಮೊದಲು ಬರುವುದು ಗಾಳಿ,
ಆಮೇಲೆ ತುಕ್ಕು, ಆಮೇಲೆ ಟೀ ಬಣ್ಣದ್ದೊಂದು.
ಅದಕ್ಕೂ ನೀರು ಎಂದೇ ಹೆಸರು, ಏನು ಮಾಡುವುದು.

ಊರಿನ ನಡುವೆ ಗುಂಡಿ.
ಅಲ್ಲ, ಗುಂಡಿಯ ಅಂಚಿಗೆ ಊರು ಅನ್ನಬೇಕು ಈಗ.
ಮೆಟ್ಟಿಲು ಮೆಟ್ಟಿಲಾಗಿ ಇಳಿದ ತಳದಲ್ಲಿ
ಲಾರಿಗಳು ಜೀರುಂಡೆಯಷ್ಟು.
ಆರೇಳು ವರ್ಷಕ್ಕೊಮ್ಮೆ ಒಂದು ಬೀದಿ ಅದರೊಳಕ್ಕೆ ಹೋಗುತ್ತದೆ:
ಚಮ್ಮಾರರ ಬೀದಿ, ಆಮೇಲೆ ಶಾಲೆ, ಆಮೇಲೆ
ನನ್ನ ಅಪ್ಪನನ್ನು ಹೂತ ಮಣ್ಣು. ಮೊದಲೇ ತಿಳಿಸಿದ್ದರು,
ಮೂಳೆ ಸಾಗಿಸಲು ಪೆಟ್ಟಿಗೆ ಕೊಟ್ಟಿದ್ದರು, ಕಂಪನಿಯ ಮುದ್ರೆ ಇದ್ದದ್ದು.
ಬೆಟ್ಟ ಅಗೆದು ಇಲಿ ಹಿಡಿದರು ಎಂದು ನಗುವವರುಂಟು.
ಇವರು ಹಿಡಿದದ್ದು ಸತು, ಸೀಸ, ಬೆಳ್ಳಿ.
ಇಲಿಗಳು ನಮಗೆ ಉಳಿದವು.

ವಾಲ್ಟ್ರೌಟ್ ಬಂದದ್ದು ನವೆಂಬರಿನಲ್ಲಿ, ಜರ್ಮನಿಯ ಸಣ್ಣದೊಂದು ಸಭೆಯಿಂದ.
ಭಾನುವಾರದ ಬಲಿಪೂಜೆ ಮುಗಿದ ಮೇಲೆ ಕೇಕು ಮಾರಿ, ಮೂರು ವರ್ಷ,
ಹಾಲಿನ ದುಡ್ಡು ಕೂಡಿಸಿದವರು ಅವರು.
ಅಡಿಗೆಮನೆಯ ಗೋಡೆಗೆ ನಮ್ಮೂರಿನ ಚಿತ್ರ ಅಂಟಿಸಿದ್ದಳಂತೆ,
ಯಾವುದೋ ಹಳೆಯ ಕ್ಯಾಲೆಂಡರಿನದು, ಬ್ಯಾಗಿನಲ್ಲಿ ತಂದಿದ್ದಳು.
'ಈ ಬೆಟ್ಟ ಎಲ್ಲಿ?' ಎಂದಳು.
ಪಾದ್ರಿ ಅನ್ಸೆಲ್ಮೊ ಕೆಮ್ಮಿದರು.
ನಾನು ಕೆಳಗೆ ತೋರಿಸಿದೆ.

ಅವಳು ಅಳಲಿಲ್ಲ, ಅದಕ್ಕೇ ಹಿಡಿಸಿದಳು.
ತೆಯೋಫಿಲಾಳ ಜೊತೆ ಕೂತು ಆಲೂಗಡ್ಡೆ ಹೆರೆದಳು, ಕೆಟ್ಟದಾಗಿ,
ಅರ್ಧ ಗಡ್ಡೆ ಸಿಪ್ಪೆಗೇ ಹೋಯಿತು.
ಹೊರಡುವ ಹಿಂದಿನ ರಾತ್ರಿ, ತಗಡಿನ ಮೇಲೆ ಆಲಿಕಲ್ಲು ಬೀಳುವಾಗ,
ಹೇಳಿದಳು: 'ನನ್ನ ಗಂಡ ನಲವತ್ತು ವರ್ಷ
ಬಕೆಟ್ಟಿಗೆ ಸತು ಲೇಪಿಸುವ ಕಾರ್ಖಾನೆಯಲ್ಲಿದ್ದ.
ಅದು ಎಲ್ಲಿಂದ ಬರುತ್ತದೆ ಎಂದು ಒಂದು ದಿನವೂ ಕೇಳಲಿಲ್ಲ ನಾವು.'
ಆ ಸದ್ದಿನಲ್ಲಿ ಕೇಳಿಸದವಳಂತೆ ಇದ್ದುಬಿಟ್ಟೆ.
ಆ ತಗಡೂ ಕಂಪನಿಯ ದಾನವೇ.
ನನ್ನ ಅಕ್ಷರವೂ, ಅಪ್ಪನ ಸಂಬಳದ್ದು, ಅದೇ ಗುಂಡಿಯದು.
ಯಾರಿಗೆ ಯಾರು ಏನು ಹೇಳುವುದು.

ಇವತ್ತು ತೆಯೋಫಿಲಾ ಹೆಬ್ಬೆಟ್ಟು ಮುಂದೆ ಮಾಡಿದಾಗ
ಮಗ ಯೂಬರ್ ತಡೆದ: 'ಅವ್ವನ ಹೆಸರು ನಾನು ಬರೆಯುತ್ತೇನೆ.'
ಒಂಬತ್ತು ವರ್ಷ. ರಕ್ತದಲ್ಲಿ ಮೂವತ್ತೊಂದು;
ಐದೇ ಹೆಚ್ಚು ಎನ್ನುತ್ತಾರೆ ಡಾಕ್ಟರಮ್ಮ.
ಸೀಸದ ಕಡ್ಡಿ ಹಿಡಿದು ಬಾಗಿದ.
ಮೊದಲ ಅಕ್ಷರ ಬಂತು. ಎರಡನೆಯದು ಬಂತು.
ಮೂರನೆಯದಕ್ಕೆ ಕಣ್ಣು ಮೇಲೆ ಹೋಗಿ ತೊಲೆಯಲ್ಲಿ ಹುಡುಕಿತು,
ನಿನ್ನೆ ಅಲ್ಲೇ ಇಟ್ಟು ಮರೆತಂತೆ.
ಕೈ ಮಾತ್ರ ಕಾಯಲಿಲ್ಲ, ಮುಂದೆ ಸಾಗಿತು
ಗೆರೆ ಎಳೆಯುತ್ತ, ಸಹಿಯ ಕಾಲಂ ದಾಟಿ,
ಷರಾ ದಾಟಿ, ಹಾಳೆಯ ಅಂಚಿನಿಂದ ನನ್ನ ಮೇಜಿಗೆ.

ವರದಿ ಶುಕ್ರವಾರ ಹೋಗಬೇಕು.
ಫಲಾನುಭವಿಗಳು ಮೂವತ್ತೆಂಟು ಎಂದು ಟೈಪು ಮಾಡಿದೆ.
ಆ ಗೆರೆಗೆ ಯಾವ ಕೀಲಿಯೂ ಇರಲಿಲ್ಲ.
ಹಾಳೆಯನ್ನೇ ಹರಿದು ಮಡಿಸಿ ಲಕೋಟೆಗೆ ಹಾಕಿದೆ,
ವಾಲ್ಟ್ರೌಟಳ ಹೆಸರಿಗೆ.
ಮೇಜಿನ ಮೇಲಿನ ತುದಿ ಇಲ್ಲೇ ಇದೆ, ಒಂದು ಗೇಣು.
ಒರೆಸಿಲ್ಲ.