ನಲವತ್ತೈದು ಮಿಲಿ

ಗ್ಲಾಸ್ಗೋದ ಗ್ಯಾಲೋಗೇಟ್ ಬೀದಿ. ಹೆಸರಲ್ಲೇ ನೇಣುಗಂಬ.
ಒಂಬತ್ತಕ್ಕೆ ಶಟರ್ ಎತ್ತುವಾಗ
ಹೊರಗೆ ಆಗಲೇ ನಾಲ್ಕು ಜನ,
ಒಬ್ಬರಿಗೊಬ್ಬರು ಅಲ್ಲಿಲ್ಲವೆಂಬಂತೆ.

ಮೊದಲು ಒಳಬರುವವಳು ಸೆಂಗಾ.
ಆಗ್ನೆಸ್ ಎಂಬ ಅಜ್ಜಿಯ ಹೆಸರನ್ನು
ಇಂಗ್ಲಿಷ್ ಅಕ್ಷರದಲ್ಲಿ ಹಿಂದಿನಿಂದ ಓದಿ ಇಟ್ಟದ್ದಂತೆ.
ಗದಗಿನ ನನ್ನ ಕಿವಿಗೆ ಶೇಂಗಾ ಎಂದೇ ಕೇಳಿ
ಮೊದಲ ದಿನ ನಗು ತಡೆದುಕೊಂಡಿದ್ದೆ.
ತಪ್ಪೇನಿರಲಿಲ್ಲ. ಹೂವು ಮೇಲೆ,
ಕಾಯಿ ಕಟ್ಟುವುದೆಲ್ಲ ಮಣ್ಣೊಳಗೆ.

ಹಸಿರು ಮೆಥಡೋನ್, ನಲವತ್ತೈದು ಮಿಲಿ.
ಪಕ್ಕದಲ್ಲಿ ಒಂದೇ ಮಾತ್ರೆ, ಎಚ್‌ಐವಿಯದು.
ಮನೆಗೆ ಕೊಟ್ಟರೆ ಕಳೆಯುತ್ತಾಳೆ, ಹಾಸ್ಟೆಲ್ಲಿನಲ್ಲಿ ಕದಿಯುತ್ತಾರೆ,
ಅದಕ್ಕೇ ಎರಡನ್ನೂ ನನ್ನ ಕಣ್ಣೆದುರೇ ನುಂಗಬೇಕು.
ಔಷಧದ ಮೇಲೆ ನೀರು. ನೀರಿನ ಮೇಲೆ ಒಂದು ಮಾತು,
ಬಾಯಲ್ಲಿ ಏನೂ ಉಳಿಸಿಕೊಂಡಿಲ್ಲ ಎಂಬುದಕ್ಕೆ.
ಮಾತೇ ರಸೀದಿ.

ಅವಳ ಇಂಗ್ಲಿಷು ಯಾಕೋ ನನಗೆ
ನಮ್ಮ ಓಣಿಯ ಮಾತಾಗಿಯೇ ಕೇಳಿಸುತ್ತದೆ.
ಸೋಮವಾರ: ಏನ್ ಗಾಳಿ ಬಿಟ್ಟೈತವ್ವ, ಎಲುಬಿಗೇ ಹೊಕ್ಕೈತಿ.
ಬುಧವಾರ: ನಿನ್ನ ಓಲಿ ಚಂದ ಅದಾವು.
ಗುರುವಾರ: ಇವತ್ತ ಮಗಳ ಹುಟ್ಟಿದ ದಿನ. ಕೇಕ್ ಯಾರ್ ತಂದಾರೋ ಏನೋ.
ಶುಕ್ರವಾರ ಬರೀ ಹ್ಞೂಂ.

ಒಂದು ಮಾತು ನಾನೂ ಹೇಳಬೇಕು.
ಮೊದಲ ವಾರ ಲೋಟವನ್ನು ಕೈಗೆ ಕೊಡಲಿಲ್ಲ ನಾನು.
ಕೌಂಟರಿನ ಮೇಲಿಟ್ಟು ಬೆರಳ ತುದಿಯಿಂದ ತಳ್ಳಿದೆ.
ಮುಟ್ಟಿದರೆ ಅಂಟುವುದಿಲ್ಲವೆಂದು
ಪರೀಕ್ಷೆಯಲ್ಲಿ ಬರೆದು ಪಾಸಾದ ಕೈ ಅದು.
ಆದರೆ ಅದಕ್ಕಿಂತ ಮೊದಲು ಅಜ್ಜಿಯ ಕೈಯನ್ನು ಕಂಡಿತ್ತು:
ಊರಾಚೆಯವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುವಾಗ
ತಂಬಿಗೆಗೂ ಬಾಯಾರಿಕೆಗೂ ನಡುವೆ
ಒಂದು ಮೊಳ ಬಿಡುತ್ತಿದ್ದ ಕೈ.
ಸೆಂಗಾ ತಳ್ಳಿದ ಲೋಟವನ್ನು ನೋಡಿದಳು. ಕುಡಿದಳು.
ಆ ದಿನದ ರಸೀದಿ: ನಾ ಕಡಿಯಂಗಿಲ್ಲವ್ವ.

ಫೆಬ್ರವರಿಯಲ್ಲಿ ಮೂರು ದಿನ ಬರಲಿಲ್ಲ.
ಮೂರು ಮಾತ್ರೆ ಡಬ್ಬಿಯಲ್ಲಿ ಹಾಗೇ.
ಇಷ್ಟು ತಪ್ಪಿದ ಮೇಲೆ ನಲವತ್ತೈದು ಕೊಡುವಂತಿಲ್ಲ,
ಮೈ ಅಳತೆ ಮರೆತಿರುತ್ತದೆ, ಉಸಿರೇ ನಿಂತೀತು.
ಕ್ಲಿನಿಕ್ಕಿನ ಐಲಿಗೆ ಫೋನ್ ಮಾಡಿದೆ.
ಅವಳು ಹಾಸ್ಟೆಲ್ಲು, ರೈಲು ಸೇತುವೆಯ ಅಡಿ, ಪೊಲೀಸ್ ಠಾಣೆ
ಎಲ್ಲ ಸುತ್ತಿ, ನಾಲ್ಕನೆಯ ದಿನ ಕರೆತಂದಳು.

ಗಲ್ಲದ ಮೇಲೆ ಹೊಸ ಗಾಯ. ಒಂದು ಬೂಟಿಗೆ ಲೇಸಿಲ್ಲ.
ಮತ್ತ ಚುಚ್ಚಿಕೊಂಡೆ, ಎಂದಳು,
ಬೈಗುಳಕ್ಕೆ ತಲೆ ಬಗ್ಗಿಸಿ ಜಾಗ ಮಾಡಿಕೊಟ್ಟು.
ಬೈಗುಳ ನನ್ನ ಸ್ಟಾಕಿನಲ್ಲಿರಲಿಲ್ಲ.
ಐಲಿ ಹೊಸ ಚೀಟಿ ಇಟ್ಟಳು: ಇಪ್ಪತ್ತು ಮಿಲಿ.
ಮೊದಲಿನಿಂದ.
ಹೊಸ ಸೂಜಿಗಳ ಪೊಟ್ಟಣವನ್ನೂ ಚೀಲಕ್ಕೆ ಹಾಕಿದೆ, ಅವಳು ಕೇಳದೆಯೇ.
ಲೋಟವನ್ನು ಕೈಗೇ ಕೊಟ್ಟೆ.
ಬೆರಳು ತಣ್ಣಗಿದ್ದವು, ನಡುಗುತ್ತಿದ್ದವು,
ಯಾರವೆಂದು ಹೇಳಲಾರೆ.

ಮತ್ತೆ ನಲವತ್ತೈದಕ್ಕೆ ಏರುವಷ್ಟರಲ್ಲಿ ಮೇ ಬಂತು,
ರಕ್ತದ ವರದಿಯೂ ಬಂತು:
ವೈರಸ್ ಎಣಿಕೆಗೆ ಸಿಗದಷ್ಟು ಕಡಿಮೆ.
ಸತ್ತಿಲ್ಲ, ಅಡಗಿದೆ; ಮಾತ್ರೆ ಬಿಟ್ಟರೆ ಎದ್ದು ಬರುತ್ತದೆ.
ಕಾಗದದ ಮಡಿಕೆಯನ್ನು ಅಂಗೈಯಿಂದ ಒತ್ತಿ ಸಪಾಟು ಮಾಡಿ
ಸೆಂಗಾ ಅಂದಳು:
ಕಾಣಂಗಿಲ್ಲಂತ, ನೋಡ.
ಹದಿನಾಲ್ಕ ವರ್ಷ ಈ ಓಣ್ಯಾಗ
ನಾ ಯಾರಿಗೂ ಕಂಡಿಲ್ಲ. ಈಗ ಅದರ ಪಾಳಿ.

ನಕ್ಕೆವು. ಸಾಲಿನಲ್ಲಿ ಹಿಂದಿದ್ದವನು ಕೆಮ್ಮಿದ.
ರಸೀದಿ ಮುಗಿದಿತ್ತು, ಆದರೂ ಹೋಗಲೊಲ್ಲಳು.
ನನ್ನ ಕೋಟಿನ ಬಿಲ್ಲೆಯ ಮೇಲೆ ಕಣ್ಣು ನೆಟ್ಟು
ನೀಲಾ ಎಂಬುದನ್ನು
ಬಲದಿಂದ ಎಡಕ್ಕೆ, ಅಕ್ಷರ ಅಕ್ಷರ ಬಿಡಿಸಿದಳು.
ಅ... ಲೀ... ನ್. ಅಲೀನ್!
ಹಂಗಾರ ನೀನೂ ಇಲ್ಲಿಯಾಕೀನ ಬಿಡವ್ವ.

ಅವತ್ತು ಶನಿವಾರ.
ಕ್ಲಿನಿಕ್ ಒಪ್ಪಿತ್ತು. ಮೊದಲ ಸಲ
ಭಾನುವಾರದ್ದನ್ನು ಮನೆಗೆ ಕಟ್ಟಿಕೊಟ್ಟೆ,
ಬೀಗದ ಪೆಟ್ಟಿಗೆಯಲ್ಲಿ,
ಬೀಗದ ಕೈ ಅವಳ ಕೈಗೆ.