ಇತರೆ

ಕಪ್ಪತಗುಡ್ಡದ ಬುಡಕ್ಕ ನಮ್ಮ ಅಂಗನವಾಡಿ.
ಒಂದು ತಕ್ಕಡಿ, ತೇವ ಕುಡಿದ ಗ್ವಾಡಿ,
ಮೂರು ಬಣ್ಣದ ಅಳತಿ ಪಟ್ಟಿ.
ಹುಲಿಗೆವ್ವನ ಮೊಮ್ಮಗಳು ದ್ಯಾಮಿಯ ರಟ್ಟಿಗೆ ಸುತ್ತಿದೆ:
ಕೆಂಪು.

ರಿಜಿಸ್ಟರಿನಾಗ ಕಲಮು ಅದಾವ:
ಹಾಲು, ತತ್ತಿ, ಶೇಂಗಾ ಚಿಕ್ಕಿ.
ಬರಕೋತ ಕುಂತಿದ್ದೆ. ಹೊಸ್ತಿಲದಾಗಿಂದ ಮುದುಕಿ ಅಂದ್ಲು,
"ಅಕ್ಕೋರ, ಮಿರಗ ಮಳಿ ಬೀಳಲಿ, ನೋಡೂಣಂತ."

ಬಿತ್ತು.
ಸಂಜೀಮುಂದ ಹುತ್ತದ ಬಾಯಾಗಿಂದ
ಹೊಗಿಗೇ ರೆಕ್ಕಿ ಬಂದಂಗ ಎದ್ದವು ಈಸಲು.
ಕಂದೀಲು ಇಟ್ಲು, ಬುಡಕ್ಕ ನೀರಿನ ಬೋಗಾಣಿ.
"ಆ ಹತ್ತಿಹೊಲದ ಹುತ್ತದ್ದು ಬ್ಯಾಡ. ಎಣ್ಣಿ ಹೊಡದಾರ.
ವಿಷ ಉಂಡ ಹುಳ ನಮ್ಮನ್ನ ಉಣತೈತಿ."

ಹಂಚಿನ ಮ್ಯಾಲ ಚಟಪಟ.
ಮೊರದಾಗ ಕೇರಿದರ ರೆಕ್ಕಿ ಹಾರಿದವು,
ತೂಕ ಇದ್ದದ್ದು ಉಳೀತು.
ಪುಟಾಣಿ ಬೆಲ್ಲದ ಕೂಡ ಕಲ್ಲಾಗ ಕುಟ್ಟಿ
ಬೆರಳತುದಿಯಷ್ಟು, ದ್ಯಾಮಿಯ ನಾಲಿಗಿಗೆ.

ಧಾರವಾಡದ ಕೃಷಿ ಕಾಲೇಜಿನ ಹುಡುಗಿ ಒಮ್ಮೆ ಬಂದು
ಒಂದು ಹಿಡಿ ಒಯ್ದಿದ್ಲು, ಚೀಲಕ್ಕ ಚೀಟಿ ಹಚ್ಚಿ.
ಆಮ್ಯಾಲ ಫೋನಿನಾಗ:
ಪ್ರೋಟೀನು ಇಷ್ಟು, ಕೊಬ್ಬು ಇಷ್ಟು, ಕಬ್ಬಿಣ, ಸತುವು,
ಬ್ಯಾನಿ ಕೂಡ ಗುದ್ದಾಡೋ ಮೈಗೆ ಬೇಕಾದ್ದು.
ಮುದುಕಿ ಕೇಳಿದ್ಲು: "ರುಚಿ ಎಷ್ಟು ಬಂತಂತ?"

ಸುಳ್ಳ್ಯಾಕ, ನಾನೂ ತಿಂದಾಕಿ.
ಗದಗಿನ ಹಾಸ್ಟೆಲಿನಾಗ ಟ್ರಂಕಿನ ತಳಕ್ಕ ಇತ್ತು ಪೊಟ್ಟಣ.
"ಹುಳ ತಿನ್ನಾಕಿ" ಅಂತ ಯಾರೋ ನಕ್ಕ ದಿನ
ಬಚ್ಚಲಕ್ಕ ಸುರುವಿದೆ.
ಹುರಿದ ಶೇಂಗಾ, ತೊಯ್ದ ಮಣ್ಣು, ಆ ವಾಸನಿ
ಇಪ್ಪತ್ತು ವರ್ಷ ಮೂಗಿನಾಗ ಕುಂತೈತಿ
ಬಾಡಿಗಿ ಕೊಡದ.

ಶ್ರಾವಣದಾಗ ಮತ್ತ ಅಳದೆ. ಹಳದಿ.
ಕೆಮ್ಮು ಬಂದಿತ್ತು, ಎಂಟ ದಿನಕ್ಕ ಹೋತು;
ಹೋದ ವರ್ಷ ತಿಂಗಳಾನಗಟ್ಟಲೆ ಕಾಡಿತ್ತು.
ತತ್ತಿಯಿಂದೋ, ಹುಳದಿಂದೋ,
ಉಣಿಸಿದ ಆ ಸೊಟ್ಟ ಬೆರಳಿಂದೋ,
ನಾ ಹೇಳಲಾರೆ.

ನಾಳೆ ಸೂಪರ್ವೈಜರ್ ಮೇಡಂ ಬರತಾರ.
ಕಟ್ಟಕಡೀ ಕಲಮು, "ಇತರೆ",
ಮೂರು ವರ್ಷದಿಂದ ಖಾಲಿ.
ಪೆನ್ನು ಬಿಚ್ಚಿ ದಪ್ಪಗ ಬರದೆ: ಈಸಲು.
ಓದಿ ಹೇಳಿದೆ ಮುದುಕಿಗೆ.

"ಎಷ್ಟು ಹಿಡಿ ಅಂತನೂ ಬರಿ," ಅಂದ್ಲು,
"ಲೆಕ್ಕ ಇಲ್ಲದ್ದನ್ನ ನಿಮ್ಮವ್ರು ನಂಬೂದಿಲ್ಲ."